ಯೋರಾಮ್ ಮೇಷ್ಟ್ರು ಓದಿದ ಲಂಡನ್ ಸುದ್ದಿ

ಚೊಂಗೊಲಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ಯಾರ ಮನೆ ಮುಂದೆ ಹಾದುಹೋದರೂ ಒಂದೇ ದನಿ ಕೇಳಿಸುತ್ತಿತ್ತು. ಸರೋವರದ ದಂಡೆಯಲ್ಲಿ ಉಸಿಪಾ ಮೀನು ಒಣಹಾಕುವ ಹೆಂಗಸರ ನಡುವೆಯೂ ಅದೇ, ಬಸ್ ನಿಲ್ಲುವಲ್ಲಿನ ಚಹಾದಂಗಡಿಯಲ್ಲೂ ಅದೇ. ಯೋರಾಮ್ ಲೊಂಗ್ವೆ ಮೇಷ್ಟ್ರ ದನಿ. ಸ್ವಲ್ಪ ಮೂಗಿನಲ್ಲಿ ಬರುವ, ಒಂದೊಂದು ಪದವನ್ನೂ ಒರೆಸಿ ಜೋಡಿಸಿಟ್ಟಂಥ ದನಿ. ಅವರ ಕಾರ್ಯಕ್ರಮದ ಹೆಸರು ‘ಹೊರಗಿನವರು ಏನಂತಾರೆ’. ಲಂಡನ್, ಜೊಹಾನ್ಸ್‌ಬರ್ಗ್, ನೈರೋಬಿಯ ಪತ್ರಿಕೆಗಳಲ್ಲಿ ನಮ್ಮ ಮಲಾವಿಯ ಬಗ್ಗೆ ಏನಾದರೂ ಬಂದಿದ್ದರೆ ಅದನ್ನು ನಮ್ಮ ತುಂಬುಕ ಮಾತಿಗೆ ತಂದು ಕಾಲು ಗಂಟೆ ಓದುತ್ತಿದ್ದರು.

ಹೊರಗಿನವರು ನಮ್ಮನ್ನು ಏನಂತಾರೆ ಅನ್ನುವುದರಲ್ಲಿ ನಮಗೆ ಅಷ್ಟೇಕೆ ಆಸೆಯೋ ದೇವರೇ ಬಲ್ಲ. ಬೆಟ್ಟದ ಮೇಲಿನ ಮಿಷನ್ ಶಾಲೆಯಲ್ಲಿ ಓದಿದ ಯೋರಾಮ್ ಮೇಷ್ಟ್ರು ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ, ಹಳೆಯ ಮೀನು ಗೋದಾಮಿನಲ್ಲಿ ಊರಿನ ರೇಡಿಯೋ ಶುರುವಾಯಿತು. ಅದನ್ನು ನಡೆಸುತ್ತಿದ್ದ ತವೊಂಗಾ ಅವರ ಹಳೆಯ ವಿದ್ಯಾರ್ಥಿನಿ. ಅವಳೇ ಮನೆಗೆ ಬಂದು ಕರೆದಳು. ಮೇಷ್ಟ್ರು ಎರಡು ದಿನ ಬಿಗುಮಾನ ತೋರಿಸಿ ಮೂರನೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು.

ಮಾತಿನ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಆರೋಗ್ಯ ಕೇಂದ್ರದ ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪಿದೆಯೆಂದು ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದವರು. ಮದುವೆ ಕರೆಯೋಲೆ ಕೊಡಲು ಬಂದವರ ಎದುರಿಗೇ ಅದನ್ನು ತಿದ್ದಿ ವಾಪಸು ಕೊಟ್ಟವರು. ಅವರ ಹೆಂಡತಿ ನ್ಯಾಹಾರ ನೆರೆಯವರ ಹತ್ತಿರ ಹೇಳುತ್ತಿದ್ದಳು: “ನಮ್ಮನೆಯವರು ಸತ್ತು ಸ್ವರ್ಗಕ್ಕೆ ಹೋದ್ರೂ ಒಳಗೆ ಹೋಗಲ್ಲ ಕಣ್ರೇ. ಬಾಗಿಲ ಮೇಲೆ ಬರೆದಿದ್ರಲ್ಲಿ ತಪ್ಪು ಹುಡುಕ್ತಾ ಹೊರಗೇ ನಿಂತಿರ್ತಾರೆ.” ಊರಲ್ಲಿ ಇಪ್ಪತ್ತೈದು ದಾಟಿ ಐವತ್ತರೊಳಗಿನವರಲ್ಲಿ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರು. ಯೋರಾಮ್ ಮೇಷ್ಟ್ರು ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಆ ವರ್ಷ ದೇಶದ ಅಧ್ಯಕ್ಷರ ಚುನಾವಣೆ. ವಿರೋಧ ಪಕ್ಷದಿಂದ ನಿಂತವನು ಡಾಕ್ಟರ್ ಲುಸುಂಗು ಕಯಿರಾ, ಚೊಂಗೊಲಿಯವನೇ. ತಾಯಿ ಸತ್ತ ಮೇಲೆ ಅವನನ್ನು ಸಾಕಿದ್ದು ಸೋದರತ್ತೆ ನ್ಯಾಕಯಿರಾ. ಎಪ್ಪತ್ತೆಂಟರ ಮುದುಕಿ, ಗಂಡನಿಲ್ಲ, ಮಕ್ಕಳಿಲ್ಲ. ಊರಿನಾಚೆ ಮಾವಿನ ಮರದ ಪಕ್ಕ ಹುಲ್ಲು ಹೊದಿಸಿದ ಮನೆ, ಹಿಂದೆ ಒಂದು ತುಂಡು ಮರಗೆಣಸಿನ ಹೊಲ. ಕೂಸುಗಳ ಹೊಟ್ಟೆನೋವಿಗೆ ಯಾವುದೋ ಬೇರು ತೇಯ್ದು ಕೊಡುತ್ತಿದ್ದಳು. ನಮ್ಮಲ್ಲಿ ಬಹಳ ಜನರ ಮಕ್ಕಳು ಅದನ್ನು ಕುಡಿದೇ ದೊಡ್ಡವರಾದದ್ದು.

ಚುನಾವಣೆಗೆ ಎರಡು ತಿಂಗಳಿರುವಾಗ ಡಾಕ್ಟರ್ ಕಯಿರಾ ಒಂದು ವಾರದ ಮಟ್ಟಿಗೆ ಲಂಡನ್ನಿಗೆ ಹೊರಟ. ಹೋಗುವ ಮುಂಚೆ ಅತ್ತೆಯ ಆಶೀರ್ವಾದಕ್ಕೆಂದು ಬಂದ. ಅವಳು ಹುರಿದ ಕಡಲೆಕಾಯಿ, ಒಣ ಮೀನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು. ಅದನ್ನು ಎಲ್ಲರೂ ನೋಡಿದರು. ನಕ್ಕರು ಕೂಡ.

ಆ ಸೋಮವಾರದಿಂದ ಊರಿಗೆ ಬೇರೆ ಮಾತೇ ಇಲ್ಲ. “ಮೇಷ್ಟ್ರೇ, ಲಂಡನ್ ಪತ್ರಿಕೆ ಏನಂತು?” ಮೇಷ್ಟ್ರು ಕಚೇರಿಯ ಕಂಪ್ಯೂಟರಿನ ಮುಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹುಡುಕಿದ್ದೇ ಹುಡುಕಿದ್ದು. ಮೊದಲ ದಿನ ಒಂದಕ್ಷರವೂ ಇಲ್ಲ. ಹಾಗೆಂದು ಓದಲು ಅವರಿಗೇ ನಾಚಿಕೆಯಾಗಿ ನೈರೋಬಿಯ ಹಳೆಯ ಸುದ್ದಿಯೊಂದನ್ನು ಓದಿ ಎದ್ದರು. ಮಂಗಳವಾರ ಒಂದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು, ಅದರಲ್ಲೂ ಅವನನ್ನು ಪಕ್ಕದ ಜಾಂಬಿಯಾದವನೆಂದು ಬರೆದಿದ್ದರು. ಜೊಹಾನ್ಸ್‌ಬರ್ಗಿನವರು, ಮನೆಯಲ್ಲಿ ಮತ ಕೇಳುವುದು ಬಿಟ್ಟು ಈತ ಬಿಳಿಯರ ಹತ್ತಿರ ಏನು ಕೇಳಲು ಹೋಗಿದ್ದಾನೆ ಎಂದು ಕೊಂಕು ಬರೆದರು. ಮೇಷ್ಟ್ರು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಓದಿದರು. ಚಹಾದಂಗಡಿಯಲ್ಲಿ ಜನ ಪೆಚ್ಚಾದರು.

ಬುಧವಾರ ಬಂತು ಒಳ್ಳೆಯ ಸುದ್ದಿ. ಲಂಡನ್ನಿನ ಒಂದು ಪತ್ರಿಕೆಯಲ್ಲಿ ಅರ್ಧ ಪುಟ, ಫೋಟೋ ಸಮೇತ. ಇನ್ನೂರು ಜನ ಸೇರಿದ್ದ ಸಭೆಯಲ್ಲಿ ಡಾಕ್ಟರ್ ಕಯಿರಾ ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಮುಕ್ಕಾಲು ಗಂಟೆ ಮಾತಾಡಿದನಂತೆ, ಜನರನ್ನು ನಗಿಸಿದನಂತೆ, ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಸಭೆಗೆ ಸಭೆಯೇ ಅವನಿಗೆ ಮನಸೋತಿತು ಎಂಬರ್ಥದ ಒಂದು ಇಂಗ್ಲಿಷ್ ಪದ ಶೀರ್ಷಿಕೆಯಲ್ಲೇ ಇತ್ತು.

ಏಳಕ್ಕೆ ಇನ್ನು ಹತ್ತು ನಿಮಿಷ. ಮೇಷ್ಟ್ರು ಪೆನ್ನು ಹಿಡಿದು ಕೂತರು. ‘ಮೆಚ್ಚಿಸಿದರು’ ಎಂದು ಬರೆದು ಹೊಡೆದುಹಾಕಿದರು. ಸಪ್ಪೆ. ‘ಮನ ಗೆದ್ದರು’ ಎಂದು ಬರೆದರು. ಅದನ್ನು ಪಾದ್ರಿಗಳೂ ಸಾಬೂನಿನ ಜಾಹೀರಾತಿನವರೂ ದಿನಾ ಹೇಳಿ ಸವೆಸಿಬಿಟ್ಟಿದ್ದರು. ಆಮೇಲೆ ಅವರಿಗೆ ಆ ಪದ ಹೊಳೆಯಿತು. ಹೊಳೆದಾಗ ಒಬ್ಬರೇ ನಕ್ಕರಂತೆ, ತವೊಂಗಾ ಗಾಜಿನಾಚೆಯಿಂದ ನೋಡಿದ್ದಳು.

“ಡಾಕ್ಟರ್ ಲುಸುಂಗು ಕಯಿರಾ,” ಎಂದು ಓದಿದರು, “ಲಂಡನ್ನಿನವರಿಗೆ ಮೋಡಿ ಹಾಕಿದರು.”

ಆ ಮಾತನ್ನು ನಾವು ಚೆಲುವೆಯ ನಗುವಿಗೂ ಬಳಸುತ್ತೇವೆ, ಮಂತ್ರಿಸಿದ ಬೇರಿಗೂ ಬಳಸುತ್ತೇವೆ. ಆ ಬೆಳಗ್ಗೆ ಎಲ್ಲರೂ ಚೆಲುವೆಯ ನಗುವನ್ನೇ ನೆನೆದರು. ದಂಡೆಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಸಂಭ್ರಮದ ಉಲಿ ಹಾಕಿದರು. ಮಾರುಕಟ್ಟೆಯಲ್ಲಿ ನ್ಯಾಕಯಿರಾ ಅಜ್ಜಿ ಮೇಷ್ಟ್ರನ್ನು ಕಂಡವಳೇ ಸೊಂಟದ ಚಿತೆಂಜೆ ಬಟ್ಟೆ ಬಿಗಿಮಾಡಿಕೊಂಡು ಎರಡು ಹೆಜ್ಜೆ ಕುಣಿದೇಬಿಟ್ಟಳು.

“ಏನ್ ಮೇಷ್ಟ್ರೇ! ನನ್ನ ಕೂಸು ಬಿಳಿಯರಿಗೇ ಮೋಡಿ ಹಾಕ್ತಂತೆ?”

“ಹಾಕ್ದ ಅಜ್ಜಿ. ಎದ್ ನಿಂತು ಚಪ್ಪಾಳೆ ತಟ್ಟಿದ್ರಂತೆ.”

“ನನ್ನ ಕಡಲೆಕಾಯಿ ಮಹಿಮೆ ಬಿಡಿ,” ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು.

ಮಾರನೆಯ ಮಧ್ಯಾಹ್ನ ಆಳುವ ಪಕ್ಷದ ಪಿಕಪ್ ಗಾಡಿ ಊರು ಸುತ್ತತೊಡಗಿತು. ಧ್ವನಿವರ್ಧಕದಲ್ಲಿ ಬೈಟನ್ ಸೋಕೊ. ಪಕ್ಷದ ಸ್ಥಳೀಯ ಮುಖಂಡ, ಮೀನಿನ ವ್ಯಾಪಾರಿ, ದೊಡ್ಡ ಬಾಯಿಯ, ಎಲ್ಲರ ಸಾವಿಗೂ ತಪ್ಪದೆ ಬರುವ ಮನುಷ್ಯ. ಅವನೂ ಮೇಷ್ಟ್ರ ವಿದ್ಯಾರ್ಥಿಯೇ.

“ನಾನು ಹೇಳ್ತಿಲ್ಲಪ್ಪ!” ಅಂತ ಕೂಗಿದ. “ಲಂಡನ್ ಪತ್ರಿಕೆ ಹೇಳ್ತಿದೆ. ಯೋರಾಮ್ ಮೇಷ್ಟ್ರು ಓದಿದಾರೆ. ಮೇಷ್ಟ್ರು ಜೀವಮಾನದಲ್ಲಿ ಒಂದು ಪದ ತಪ್ಪು ಹೇಳಿದ್ದುಂಟಾ? ಮೋಡಿ ಹಾಕಿದ ಅಂದ್ರು. ಸರಿ, ಆ ವಿದ್ಯೆ ಅವನಿಗೆ ಎಲ್ಲಿಂದ ಬಂತು? ಯಾವ ಮನೇಲಿ ಬೆಳೆದ? ಗಂಟಿನಲ್ಲಿ ಏನು ಕಟ್ಟಿಕೊಟ್ರು? ಜನವರಿಯಲ್ಲಿ ದೋಣಿ ಮಗುಚಿ ನಾಲ್ಕು ಜನ ಹೋದ್ರಲ್ಲ, ಆ ಜೀವಗಳನ್ನ ಬಲಿ ಕೊಟ್ಟೇನಾ ಲಂಡನ್ನಿಗೆ ಟಿಕೆಟ್ ಸಿಕ್ಕಿದ್ದು? ನಾನು ಹೇಳ್ತಿಲ್ಲ, ಕೇಳ್ತಿದೀನಿ ಅಷ್ಟೇ!”

ಮೇಷ್ಟ್ರು ಆಗ ಊಟಕ್ಕೆ ಕೂತಿದ್ದರು. ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದರು. ನ್ಯಾಹಾರ ಗಂಡನ ಮುಖ ನೋಡಿದಳು.

“ಯಾಕೆ ಆ ಪದಾನೇ ಹೇಳಿದ್ರಿ?” ಅಂದಳು.

“ಚೆನ್ನಾಗಿತ್ತು,” ಅಂದರು ಮೇಷ್ಟ್ರು.

ಶುಕ್ರವಾರ ಬೆಳಗಿನ ಕಾಲು ಗಂಟೆಯನ್ನು ಪೂರ್ತಿ ಅವರು ಅದಕ್ಕೇ ಮೀಸಲಿಟ್ಟರು. ಇಂಗ್ಲಿಷಿನಲ್ಲಿ ಆ ಪದದ ಅರ್ಥ ಇಷ್ಟೇ, ಮಾತಿನಿಂದ ಮನಸ್ಸು ಸೆಳೆಯುವುದು, ಬೇರಿಲ್ಲ, ಮಂತ್ರವಿಲ್ಲ, ತಪ್ಪು ನನ್ನದು, ನಾನು ಬೇರೆ ಪದ ಬಳಸಬೇಕಿತ್ತು. ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ ಮೂರು ಸಲ ಹೇಳಿದರು. ಹೊರಗೆ ಬಂದಾಗ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಒಂಬತ್ತು ಗಂಟೆಗೆಲ್ಲ ಪಿಕಪ್ ಗಾಡಿ ಅದಕ್ಕೂ ಉತ್ತರ ಸಿದ್ಧಮಾಡಿಕೊಂಡಿತ್ತು. “ಮೇಷ್ಟ್ರು ನಡುಗ್ತಿದ್ದದ್ದು ಕೇಳಿದ್ರಾ? ಬುಧವಾರ ನಿಜ ಹೇಳಿದ್ರು. ಗುರುವಾರ ಯಾರೋ ಹೋಗಿ ಹೆದರಿಸಿದಾರೆ. ಮೇಷ್ಟ್ರಿಗೇ ಮೋಡಿ ಹಾಕಿದಾರೆ!”

ಮೇಷ್ಟ್ರು ಚಹಾದಂಗಡಿಗೆ ಹೋದರು. ಒಬ್ಬ ಎದ್ದು ಕುರ್ಚಿ ಬಿಟ್ಟುಕೊಟ್ಟು, ಕಾಯಿಲೆಯವರನ್ನು ಕೇಳುವಂತೆ ಮೆಲ್ಲಗೆ ಕೇಳಿದ: “ಈಗ ಹೇಗಿದೀರಿ ಮೇಷ್ಟ್ರೇ? ನಿದ್ದೆ ಬರ್ತಿದ್ಯಾ?”

ಅವರು ಡಾಕ್ಟರ್ ಕಯಿರಾನ ಪಕ್ಷದ ಕಚೇರಿಗೆ ಫೋನು ಮಾಡಿದರು. ರಾಜಧಾನಿ ಲಿಲೊಂಗ್ವೆಯಲ್ಲಿ ಯಾರೋ ಕಾರ್ಯದರ್ಶಿ ಎತ್ತಿಕೊಂಡ. ಅಜ್ಜಿಯನ್ನು ಸ್ವಲ್ಪ ದಿನ ಬೇರೆಡೆಗೆ ಕರೆದುಕೊಂಡು ಹೋಗಿ ಎಂದು ಮೇಷ್ಟ್ರು ಬೇಡಿಕೊಂಡರು.

“ಅಯ್ಯೋ ಬಿಡಿ ಮೇಷ್ಟ್ರೇ,” ಅಂದ ಅವನು. “ಈಗ ಕರ್ಕೊಂಡ್ ಬಂದ್ರೆ ಓಡಿಹೋದ್ಲು ಅಂತಾರೆ. ಅದೂ ಅಲ್ದೆ ಜನಕ್ಕೆ ನಮ್ಮ ಡಾಕ್ಟ್ರು ಅಂದ್ರೆ ಒಂಚೂರು ಭಯ ಇದ್ರೆ ಒಳ್ಳೇದೇ. ಅವರು ಬಂದ ಮೇಲೆ ನೋಡೋಣ.”

ಪೊಲೀಸ್ ಠಾಣೆಯಲ್ಲಿ ಕಾನ್‌ಸ್ಟೇಬಲ್ ಎಲ್ಲವನ್ನೂ ಬರೆದುಕೊಂಡ. “ಏನಾದ್ರೂ ಆದ್ರೆ ತಕ್ಷಣ ತಿಳಿಸಿ ಸಾರ್,” ಅಂದ. “ಆಗೋಕ್ ಮುಂಚೆ ಬಂದಿದೀನಲ್ಲಪ್ಪ,” ಅಂದರು ಮೇಷ್ಟ್ರು. “ಆಗದೆ ಇರೋದಕ್ಕೆ ನಾವೇನ್ ಮಾಡೋಕಾಗುತ್ತೆ ಸಾರ್? ಗಾಡಿಗೆ ಡೀಸೆಲ್ ಕೂಡ ಇಲ್ಲ.” ಅವನ ಮಾತಿನಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿಯೂ ಇರಲಿಲ್ಲ.

ಕೊನೆಗೆ ಅಜ್ಜಿಯ ಮನೆಗೇ ಹೋದರು. ಅವಳು ಮರಗೆಣಸು ಸಿಪ್ಪೆ ತೆಗೆದು ಬಂಡೆಯ ಮೇಲೆ ಒಣಹಾಕುತ್ತಿದ್ದಳು. ಪಿಕಪ್ಪಿನ ಕೂಗು ಅವಳಿಗೂ ಕೇಳಿಸಿತ್ತು.

“ಅಜ್ಜಿ, ನಾಲ್ಕು ದಿನ ನಮ್ಮನೇಲಿ ಇರಿ ಬನ್ನಿ. ನ್ಯಾಹಾರಾನೂ ಹೇಳಿ ಕಳಿಸಿದಾಳೆ.”

“ಇದು ಒಣಗ್ಬೇಕಲ್ಲ ಮೇಷ್ಟ್ರೇ. ಬಿಟ್ಟು ಬಂದ್ರೆ ಮೇಕೆ ತಿಂದ್ಬಿಡ್ತವೆ.” ಇನ್ನೊಂದು ಗೆಣಸು ಕೈಗೆತ್ತಿಕೊಂಡು ಅಂದಳು: “ಆ ಬೈಟನ್ ಇದಾನಲ್ಲ, ಅವನ ಮೊದಲ ಮಗು ಹೊಟ್ಟೆ ಉಬ್ಬರಿಸಿ ನೀಲಿಯಾಗಿತ್ತು. ಹೊತ್ಕೊಂಡ್ ಬಂದಿದ್ದು ಇಲ್ಲಿಗೇ. ಕೂಗ್ಲಿ ಬಿಡಿ, ಚುನಾವಣೆ ಮುಗಿದ್ಮೇಲೆ ಗಂಟ್ಲು ಆರುತ್ತೆ.”

ಮೇಷ್ಟ್ರು ಮತ್ತೆ ಮತ್ತೆ ಕರೆದರು. ಅವಳು ಬರಲಿಲ್ಲ.

ಶನಿವಾರ ಬೆಳಗ್ಗೆ ಹತ್ತು ಗಂಟೆ ಇರಬಹುದು. ಸಂತೆಗೆ ಬಂದ ಜನವೇ ಅಜ್ಜಿಯ ಮನೆಯತ್ತ ಹೊರಟಿತು. ದೋಣಿಯಲ್ಲಿ ಸತ್ತವರ ಮನೆಯವರು ಮುಂದೆ, ಮಿಕ್ಕವರು ಹಿಂದೆ. ಬೈಟನ್ ಅವರಲ್ಲಿ ಇರಲಿಲ್ಲ, ಅವನು ಆ ದಿನ ಬೇರೆ ಊರಿನಲ್ಲಿದ್ದ. ಮೇಷ್ಟ್ರಿಗೆ ಸುದ್ದಿ ಮುಟ್ಟಿದ್ದೇ ಠಾಣೆಗೆ ಫೋನು ಮಾಡಿ, ಹೊಲದ ಅಡ್ಡದಾರಿ ಹಿಡಿದು ಓಡಿದರು. ಅರವತ್ತಾರರ ಮನುಷ್ಯ, ಎಷ್ಟೋ ವರ್ಷದಿಂದ ಓಡಿದವರಲ್ಲ. ಜನ ಬರುವ ಹೊತ್ತಿಗೆ ಏದುಸಿರು ಬಿಡುತ್ತ ಅಜ್ಜಿಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದರು.

“ನಿಲ್ಲಿ!” ಅಂದರು. “ಪದ ನಂದು. ತಪ್ಪು ನಂದು. ನನ್ನ ಮನೆ ಕಿತ್ತಾಕಿ ಹೋಗಿ.”

ಜನ ನಿಂತರು. ನಿಜಕ್ಕೂ ನಿಂತರು. ಆಮೇಲೆ ಇಬ್ಬರು ಮುಂದೆ ಬಂದರು, ಇಬ್ಬರೂ ಅವರ ಹತ್ತಿರ ಐದನೆಯ ತರಗತಿ ಓದಿದವರು.

“ಮೇಷ್ಟ್ರೇ, ನಿಮಗೆ ಹುಷಾರಿಲ್ಲ. ಪಕ್ಕಕ್ಕೆ ಬನ್ನಿ.”

“ಮುಟ್ಟಬೇಡ್ರೋ ನನ್ನ!”

ಮುಟ್ಟಿದರು, ಆದರೆ ಎಷ್ಟು ಮೃದುವಾಗಿ! ಒಬ್ಬ ಕಂಕುಳಿಗೆ ಕೈ ಕೊಟ್ಟ, ಇನ್ನೊಬ್ಬ ಮೊಣಕಾಲ ಕೆಳಗೆ ಕೈ ಹಾಕಿದ. ಮೊಟ್ಟೆಯ ಬುಟ್ಟಿ ಹೊತ್ತಂತೆ ಹೊತ್ತು ಮಾವಿನ ಮರದ ನೆರಳಿಗೆ ತಂದರು. ಯಾರೋ ಅಜ್ಜಿಯ ಮನೆಯೊಳಗಿಂದಲೇ ಒಂದು ಕುರ್ಚಿ ತಂದು ಹಾಕಿದರು. ಕೂರಿಸಿ, ಭುಜದ ಮೇಲೆ ಒಬ್ಬೊಬ್ಬರು ಒಂದೊಂದು ಕೈ ಇಟ್ಟು ನಿಂತರು. ಬಿದ್ದ ಕನ್ನಡಕವನ್ನು ಒಬ್ಬ ಎತ್ತಿ, ಒರೆಸಿ, ಮತ್ತೆ ಅವರ ಕಿವಿಗೆ ಸಿಕ್ಕಿಸಿದ. ಹಾಗಾಗಿ ಮೇಷ್ಟ್ರಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು.

ಅಜ್ಜಿಯನ್ನು ತೋಳು ಹಿಡಿದು ಹೊರಗೆ ತಂದರು. ಹೊಡೆಯಲಿಲ್ಲ ಅಂತ ಆಮೇಲೆ ಎಲ್ಲರೂ ಹೇಳಿಕೊಂಡರು. ಒಬ್ಬಳು ಹೆಂಗಸು ಹೊಡೆದಳು, ದೋಣಿಯಲ್ಲಿ ಮಗನನ್ನು ಕಳಕೊಂಡವಳು, ಕೆನ್ನೆಗೆ ಎರಡು ಏಟು, ಹೊಡೆದು ತಾನೇ ನೆಲಕ್ಕೆ ಕುಸಿದು ಅತ್ತಳು. ಮಾಡಿನ ಹುಲ್ಲು ಕಿತ್ತರು. ಗೋಡೆಗೆ ಗುದ್ದಲಿ ಹಾಕಿದರು. ಮಡಕೆ, ಚಾಪೆ, ಬಟ್ಟೆಯ ಗಂಟು, ಒಂದೊಂದನ್ನೂ ಬಿಚ್ಚಿ ಹುಡುಕಿದರು. ಸಿಕ್ಕಿದ್ದು ನಾಲ್ಕು ತುಂಡು ಬೇರು, ಕೀಲುನೋವಿಗೆಂದು ಡಾಕ್ಟರ್ ಕಯಿರಾ ತಂದುಕೊಟ್ಟಿದ್ದ ಒಂದು ಶೀಶೆ ಎಣ್ಣೆ. ಶೀಶೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಒಬ್ಬ ಅದನ್ನು ಹಿಡಿದು ಸೀದಾ ಮೇಷ್ಟ್ರ ಹತ್ತಿರ ಬಂದ.

“ಏನ್ ಬರ್ದಿದೆ ಓದಿ ಮೇಷ್ಟ್ರೇ.”

“ನೋವಿನೆಣ್ಣೆ,” ಅಂದರು ಮೇಷ್ಟ್ರು. “ಕೀಲುನೋವಿಗೆ ಹಚ್ಚೋ ಎಣ್ಣೆ. ಲೋ, ನಾನೇ ನಿಂಗೆ ಓದೋಕ್ ಕಲ್ಸಿದ್ದಲ್ವೇನೋ? ನೀನೇ ಓದು!”

ಅವನು ಶೀಶೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಓದಲು ಬರುತ್ತಿತ್ತು ಅವನಿಗೆ. ಓದಿದ ಮೇಲೂ ಅದನ್ನು ಬಂಡೆಗೆ ಎಸೆದು ಒಡೆದ.

ಪೊಲೀಸರ ಗಾಡಿ ಬಂದದ್ದು ಹನ್ನೆರಡೂವರೆಗೆ, ಯಾರೋ ಲಾರಿಯವರಿಂದ ಡೀಸೆಲ್ ಸಾಲ ಪಡೆದು. ಅಷ್ಟರಲ್ಲಿ ಜನ ಸಂತೆಗೆ ಮರಳಿದ್ದರು. ಅಜ್ಜಿಯನ್ನು ಗಾಡಿಯ ಹಿಂದೆ ಕೂರಿಸಿ ಬೆಟ್ಟದ ಮೇಲಿನ ಮ್ಜೂಜು ಪಟ್ಟಣಕ್ಕೆ, ಅವಳ ತಂಗಿಯ ಮಗಳಲ್ಲಿಗೆ ಕರೆದೊಯ್ದರು. ಯಾರ ಮೇಲೂ ದೂರು ದಾಖಲಾಗಲಿಲ್ಲ. ಮೇಷ್ಟ್ರು ಇಪ್ಪತ್ತೆರಡು ಹೆಸರು ಬರೆದುಕೊಟ್ಟರು, ಪೂರ್ತಿ ಹೆಸರು, ತಪ್ಪಿಲ್ಲದೆ. ಅದು ಠಾಣೆಯ ಯಾವ ಕಡತಕ್ಕೆ ಹೋಯಿತೋ ತಿಳಿಯದು.

ಹತ್ತು ದಿನದ ಮೇಲೆ ತವೊಂಗಾ ಒಂದು ಕಾಗದ ಹಿಡಿದು ಅವರ ಮನೆಗೆ ಬಂದಳು. ಅದೇ ಲಂಡನ್ ಪತ್ರಿಕೆ. ಈ ಸಲ ಪೂರ್ತಿ ಪುಟ. ಲಂಡನ್ನಿನಲ್ಲಿ ಎಲ್ಲರ ಮೆಚ್ಚುಗೆ ಗಳಿಸಿದ ಅಭ್ಯರ್ಥಿಯ ಹುಟ್ಟೂರಿನಲ್ಲಿ ಜನ ಇನ್ನೂ ಮಾಟಮಂತ್ರ ನಂಬುತ್ತಾರೆ, ವಯಸ್ಸಾದ ಅತ್ತೆಯ ಮನೆಯನ್ನು ಕೆಡವಿದ್ದಾರೆ, ಕಾರಣ ಗೊತ್ತಾಗಿಲ್ಲ, ಎಂದು ಬರೆದಿತ್ತು. ಬರೆದವರು ಚೊಂಗೊಲಿಗೆ ಬಂದಿರಲಿಲ್ಲ.

ಮೇಷ್ಟ್ರು ಎರಡು ಸಲ ಓದಿದರು. “ಕಾರಣ ಗೊತ್ತಾಗಿಲ್ಲ,” ಅಂದರು.

“ನಾಳೆ ಓದ್ತೀರಾ ಸಾರ್?” ತವೊಂಗಾ ತಲೆ ಎತ್ತದೆ ಕೇಳಿದಳು. “ಜಿಲ್ಲಾ ಕಚೇರಿಯಿಂದ ಕಾಗದ ಬಂದಿದೆ, ಕಾರ್ಯಕ್ರಮ ನಿಲ್ಲಿಸಿ ಅಂತ. ನೀವು ಓದ್ತೀನಿ ಅಂದ್ರೆ ನಾಳೆ ಒಂದಿನ ನಾನು ಕಾಗದ ನೋಡಿಲ್ಲ ಅಂತೀನಿ.”

“ಓದಿದ್ರೆ ಏನಾಗುತ್ತೆ?”

“ಗೊತ್ತಿಲ್ಲ ಸಾರ್.”

“ಓದದೆ ಇದ್ರೆ?”

ಮೇಷ್ಟ್ರು ಓದಲಿಲ್ಲ. ಬದಲಿಗೆ ಆ ಪತ್ರಿಕೆಗೆ ಒಂದು ಪತ್ರ ಬರೆದರು. ನಿಮ್ಮ ಒಂದು ಪದ, ಅದಕ್ಕೆ ನಾನು ಕೊಟ್ಟ ಒಂದು ಪದ, ಆಮೇಲೆ ನಡೆದದ್ದು ಇದು. ನಾಲ್ಕು ದಿನ ಕೂತು ತಿದ್ದಿ ತಿದ್ದಿ ಬರೆದರು. ಕಳಿಸಿದ ನಿಮಿಷದೊಳಗೆ ಉತ್ತರ ಬಂತು: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಪತ್ರಗಳು ಬಹಳ ಬರುವುದರಿಂದ ಪ್ರತಿಯೊಂದಕ್ಕೂ ಉತ್ತರಿಸಲಾಗದು. ಯಂತ್ರ ಕಳಿಸಿದ್ದು ಅದು. ಆಮೇಲೆ ಒಂದು ತಿಂಗಳು ಅವರು ದಿನಾ ರೇಡಿಯೋ ಕಚೇರಿಗೆ ಹೋಗಿ, ಪತ್ರ ಅಚ್ಚಾಗಿದೆಯೇ ಎಂದು ಆ ಪತ್ರಿಕೆಯ ಪುಟ ತೆರೆದು ನೋಡುತ್ತಿದ್ದರು.

ಚುನಾವಣೆಯಲ್ಲಿ ಡಾಕ್ಟರ್ ಕಯಿರಾ ಸೋತ, ಮೂರನೆಯವನಾಗಿ. ಊರಿಗೆ ಒಮ್ಮೆ ಬಂದಿದ್ದ, ಮತ ಕೇಳಲು. ಬಿದ್ದ ಗೋಡೆಯ ಮುಂದೆ ನಿಂತು ಭಾಷಣ ಮಾಡಿದ, ಕಣ್ಣೊರೆಸಿಕೊಂಡ. ಕಣ್ಣೀರು ನಿಜವೇ ಇರಬಹುದು. ಮನೆ ಕಟ್ಟಿಸಿಕೊಡುತ್ತೇನೆ ಅಂದ. ಸೋತ ಮೇಲೆ ಯಾವುದೋ ಸಂಸ್ಥೆಯ ಕೆಲಸ ಹಿಡಿದು ದೇಶ ಬಿಟ್ಟು ಹೋದ.

ಒಂದು ಮಧ್ಯಾಹ್ನ ಬೈಟನ್ ಸೋಕೊ ಮೇಷ್ಟ್ರ ಅಂಗಳಕ್ಕೆ ಬಂದ. ಮಗಳನ್ನು ನರ್ಸಿಂಗ್ ಶಾಲೆಗೆ ಸೇರಿಸಬೇಕಿತ್ತು, ಇಂಗ್ಲಿಷಿನಲ್ಲಿ ಅರ್ಜಿ ಬರೆಸಬೇಕಿತ್ತು. ನ್ಯಾಹಾರ ಅವನ ಮುಖ ನೋಡದೆ ಒಳಗೆ ಹೋದಳು. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ.

“ಮನಸ್ಸಲ್ಲಿ ಇಟ್ಕೋಬೇಡಿ ಮೇಷ್ಟ್ರೇ. ಅದು ರಾಜಕೀಯ. ಅಲ್ಲಿಗೆ ಹೋಗಿ ಮನೆ ಕೀಳಿ ಅಂತ ನಾನು ಯಾವತ್ತೂ ಹೇಳ್ಲಿಲ್ಲ. ಹೇಳಿದ್ನಾ?”

“ಇಲ್ಲ,” ಅಂದರು ಮೇಷ್ಟ್ರು. “ನೀನು ಕೇಳಿದೆ ಅಷ್ಟೇ.”

“ಅದೇ ಮತ್ತೆ.”

ನೀಲಿಯಾಗಿದ್ದ ಮಗು ಅದೇ ಹುಡುಗಿಯೇ ಎಂದು ಕೇಳಬೇಕೆನಿಸಿತು ಅವರಿಗೆ. ಕೇಳಲಿಲ್ಲ. ಹುಡುಗಿಯ ತಪ್ಪೇನು? ಅರ್ಜಿ ಬರೆದುಕೊಟ್ಟರು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು.

ಮಳೆಗಾಲ ಕಳೆದ ಮೇಲೆ ಮೇಷ್ಟ್ರು ಮ್ಜೂಜುವಿಗೆ ಹೋದರು. ಹೊಲಿಗೆ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ನ್ಯಾಕಯಿರಾ ಅಜ್ಜಿ ಇದ್ದಳು. ಸಣ್ಣಗಾಗಿದ್ದಳು. ಬೆಟ್ಟದ ಚಳಿಗೆ ಎರಡು ಚಿತೆಂಜೆ ಹೊದ್ದಿದ್ದಳು. ಹಗಲೆಲ್ಲ ಹೊಲಿಗೆ ಯಂತ್ರದ ಸದ್ದು ಗೋಡೆಯಲ್ಲಿ ನಡುಗುತ್ತಿತ್ತು.

ಮೇಷ್ಟ್ರು ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದರು. ಪತ್ರಿಕೆಯಲ್ಲಿ ಇದ್ದ ಪದ, ತಮಗೆ ಹೊಳೆದ ಮೂರು ಪದ, ಅದರಲ್ಲಿ ಇದನ್ನೇ ಆರಿಸಿದ್ದು, ರುಚಿಗೋಸ್ಕರ ಆರಿಸಿದ್ದು.

ಅಜ್ಜಿ ಪೂರ್ತಿ ಕೇಳಿದಳು. ಅರ್ಥವಾಯಿತೋ ಇಲ್ಲವೋ.

“ಆದ್ರೆ ಅವರು ಎದ್ ನಿಂತು ಚಪ್ಪಾಳೆ ಹೊಡೆದದ್ದು ನಿಜ ತಾನೇ?” ಅಂದಳು.

“ನಿಜ ಅಜ್ಜಿ.”

“ಹಂಗಾದ್ರೆ ಸರಿ.” ಹೊದ್ದ ಚಿತೆಂಜೆ ಎಳೆದುಕೊಂಡಳು. “ನನ್ನ ಹೊಲದಲ್ಲಿ ಗೆಣಸು ಹಂಗೇ ಇದ್ಯಾ ಮೇಷ್ಟ್ರೇ? ಇನ್ನೊಂದು ವರ್ಷ ಮಣ್ಣಲ್ಲಿ ಕೆಡಲ್ಲ ಅದು. ಅಷ್ಟರಲ್ಲಿ ಬಂದ್ರೆ ಕಿತ್ಕೋಬಹುದು.”

ಗೆಣಸನ್ನು ಎಂದೋ ಕಿತ್ತಾಗಿತ್ತು. ಹೊಲದಲ್ಲಿ ಬೇರೆಯವರು ಜೋಳ ಬಿತ್ತಿ, ಅದು ಎದೆಯೆತ್ತರ ಬೆಳೆದು ನಿಂತಿತ್ತು. ಗೋಡೆಯ ಇಟ್ಟಿಗೆಗಳನ್ನು ಯಾರ್‍ಯಾರೋ ಹೊತ್ತೊಯ್ದಿದ್ದರು. ಮೇಷ್ಟ್ರು ಬಾಯಿ ತೆರೆದರು. ಅವರಿಗೆ ಯಾವ ಪದವೂ ಸಿಗಲಿಲ್ಲ.

“ಹೇಳಿ ಮೇಷ್ಟ್ರೇ, ಇದ್ಯಾ?”

“ಇದೆ,” ಅಂದರು.

“ಮೇಕೆ ಬರದ ಹಾಗೆ ಬೇಲಿ ನೋಡ್ಕೊಳಿ,” ಅಂದಳು ಅಜ್ಜಿ, ಮತ್ತು ಯಾವ ತಿಂಗಳಲ್ಲಿ ಬರಬಹುದು, ಮಾಡಿಗೆ ಹುಲ್ಲು ಯಾರ ಹತ್ತಿರ ಕೇಳಬಹುದು ಎಂದು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದಳು. ಮೇಷ್ಟ್ರು ತಲೆಯಾಡಿಸುತ್ತ ಕೂತರು. ಮೂರು ಗಂಟೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ಎದ್ದು ಹೋಗಲು ಅವರಿಂದ ಆಗಲಿಲ್ಲ.